ವೈರಮುಡಿಗೆ ಮೊದಲ ಸಲ ಹೋಗುವವರಿಗೆ

ಮೇಲುಕೋಟೆಯ ವೈರಮುಡಿ ಉತ್ಸವ ನೋಡಬೇಕು ಅಂತ ಆಸೆ ಇದ್ದರೆ, ಸಂಜೆ ಹೋಗಿ ರಾತ್ರಿ ಹತ್ತಕ್ಕೆ ವಾಪಸ್ ಬರುವ ಲೆಕ್ಕ ಮೊದಲು ಬಿಟ್ಟುಬಿಡಿ. ಇದು ಇಲ್ಲಿನ ಚೆಲುವರಾಯಸ್ವಾಮಿಗೆ ವೈರಮುಡಿ, ಅಂದರೆ ವಜ್ರದ ಕಿರೀಟ ತೊಡಿಸಿ ರಾತ್ರಿಯಿಡೀ ನಡೆಸುವ ಉತ್ಸವ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರುತ್ತದೆ, ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ಕೇಳಿಕೊಂಡೇ ಹೊರಡಿ.

ಮಧ್ಯಾಹ್ನದೊಳಗೆ ಬೆಟ್ಟ ಸೇರಿಕೊಳ್ಳಿ. ಕಲ್ಯಾಣಿಯಲ್ಲಿ ಕೈಕಾಲು ತೊಳೆದು, ಮೇಲೆ ಯೋಗನರಸಿಂಹನ ದರ್ಶನ ಬೆಳಕಿರುವಾಗಲೇ ಮುಗಿಸಿ. ಕತ್ತಲಾದ ಮೇಲೆ ಆ ಮೆಟ್ಟಿಲು, ಆ ನೂಕುನುಗ್ಗಲು, ಮಕ್ಕಳು ವಯಸ್ಸಾದವರು ಜೊತೆಗಿದ್ದರೆ ಬೇಡವೇ ಬೇಡ.

ಇನ್ನು ಕಿರೀಟದ ವಿಷಯ. ಈ ವಜ್ರದ ಮುಡಿಯನ್ನು ವರ್ಷವಿಡೀ ಮಂಡ್ಯದ ಖಜಾನೆಯಲ್ಲಿ ಇಟ್ಟಿರುತ್ತಾರೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಪೆಟ್ಟಿಗೆ ಹೊರಡುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ಕಾದು ನಿಂತು ಪೂಜೆ ಮಾಡುತ್ತಾರೆ. ಒಳಗಿರುವುದನ್ನು ಯಾರೂ ನೋಡುವಂತಿಲ್ಲ, ಆದರೂ ಬರೀ ಪೆಟ್ಟಿಗೆಗೇ ಕೈಮುಗಿಯುತ್ತಾರಲ್ಲ, ನನಗೆ ಇಡೀ ಉತ್ಸವದಲ್ಲಿ ಅದೇ ಜಾಸ್ತಿ ಮನಸ್ಸಿಗೆ ತಟ್ಟುವುದು. ಪ್ರಹ್ಲಾದನ ಮಗ ವಿರೋಚನ ಕ್ಷೀರಸಾಗರದ ನಾರಾಯಣನ ಕಿರೀಟ ಕದ್ದ, ಗರುಡ ಅದನ್ನು ಗೆದ್ದು ತಂದ ಅನ್ನುವುದು ಕಥೆ. ಅದಕ್ಕೇ ಸ್ವಾಮಿ ಅವತ್ತು ಗರುಡನ ಮೇಲೆ ಬರುತ್ತಾನೆ. ದೇವರ ತಲೆ ಮೇಲಲ್ಲದೆ ಬೇರೆಡೆ ಆ ಮುಡಿಯನ್ನು ನೋಡಬಾರದು ಎಂಬ ನಂಬಿಕೆ. ಮುಡಿಸುವ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ.

ಮೆರವಣಿಗೆ ಹೊರಡುವುದು ರಾತ್ರಿ ಎಂಟು ಒಂಬತ್ತರ ಸುಮಾರಿಗೆ. ಆಗ ಎಲ್ಲರೂ ದೇವಸ್ಥಾನದ ಬಾಗಿಲಿಗೇ ನುಗ್ಗುತ್ತಾರೆ. ನೀವು ನುಗ್ಗಬೇಡಿ. ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ಒಂದು ಜಗಲಿ ಹಿಡಿದು ಕೂತುಕೊಳ್ಳಿ, ಚೆಲುವರಾಯ ತಾನಾಗಿಯೇ ನಿಮ್ಮ ಮುಂದೆ ಬರುತ್ತಾನೆ. ಪಂಜಿನ ಬೆಳಕಿಗೆ ಆ ಕಲ್ಲುಗಳು ಮಿನುಗುವಾಗ ಮೊಬೈಲ್ ಕೆಳಗಿಡಿ, ದಯವಿಟ್ಟು. ಹಿಂದೆ ನಿಂತ ಅಜ್ಜಿಗೂ ಕಾಣಬೇಕು ಅಲ್ವಾ?

ನೀರು, ಒಂದು ಶಾಲು, ಪುಳಿಯೋಗರೆ ಪೊಟ್ಟಣ ಇಟ್ಟುಕೊಂಡಿರಿ. ಇಲ್ಲಿನ ಪುಳಿಯೋಗರೆ ರುಚಿ ಗೊತ್ತಿಲ್ಲದವರು ಯಾರಿದ್ದಾರೆ!

ವೈರಮುಡಿ ತೆಗೆದ ಕೂಡಲೇ ಅರ್ಧ ಜನ ಬಸ್ಸಿಗೆ ಓಡುತ್ತಾರೆ. ನೀವು ಇರಿ. ಬೆಳಗಿನ ಜಾವ ಸ್ವಾಮಿಗೆ ರಾಜಮುಡಿ ಅನ್ನುವ ಇನ್ನೊಂದು ಕಿರೀಟ ತೊಡಿಸುತ್ತಾರೆ, ಮೈಸೂರಿನ ರಾಜ ಒಡೆಯರು ಕೊಟ್ಟದ್ದು. ಅಷ್ಟು ಹೊತ್ತಿಗೆ ಬೀದಿ ಖಾಲಿಯಾಗಿರುತ್ತದೆ, ಹತ್ತಿರದಿಂದ, ನಿಧಾನವಾಗಿ, ಆ ಪುಟ್ಟ ಮುಖ ನೋಡಬಹುದು.