ಮಗುವಿನ ರಿಪೋರ್ಟಿನಲ್ಲಿ ದಪ್ಪಕ್ಷರದ ‘ಎಚ್’ ಕಂಡಾಗ

ರಾತ್ರಿ ಹತ್ತೂವರೆಗೆ ಮಗಳ ರಕ್ತಪರೀಕ್ಷೆಯ ರಿಪೋರ್ಟು ಮೊಬೈಲಿಗೆ ಬಂತು. ಲಿವರ್ ಪರೀಕ್ಷೆಯಲ್ಲಿ ನೋಡುವ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಅಂಶದ ಸಾಲಿನ ಮುಂದೆ ದಪ್ಪಕ್ಷರದಲ್ಲಿ ‘ಎಚ್’. ಹೈ, ಅಂದರೆ ಜಾಸ್ತಿ. ಲಿವರ್‌ಗೆ ಏನೋ ಆಗಿದೆ ಎಂದುಕೊಂಡು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಡಾಕ್ಟರು ಅದನ್ನು ನೋಡಿ, “ಇದು ದೊಡ್ಡವರ ಲೆಕ್ಕ. ಇವಳ ಮೂಳೆ ಬೆಳೀತಿದೆ, ಅಷ್ಟೇ” ಅಂದರು. ಬೆಳೆಯುವ ಮೂಳೆಯಿಂದಲೂ ಈ ಅಂಶ ರಕ್ತಕ್ಕೆ ಸೇರುತ್ತದಂತೆ. ಲ್ಯಾಬಿನ ಕಂಪ್ಯೂಟರು ದೊಡ್ಡವರ ಮಿತಿಯನ್ನೇ ಅಚ್ಚು ಹಾಕಿತ್ತು.

ಅವತ್ತಿನಿಂದ ನಾನು ಯಾವ ರಿಪೋರ್ಟು ಬಂದರೂ ಮೊದಲು ನೋಡುವುದು ವಯಸ್ಸನ್ನು. ಪಕ್ಕದಲ್ಲಿ ಕೊಟ್ಟಿರುವ ‘ನಾರ್ಮಲ್’ ಈ ವಯಸ್ಸಿನ ಮಗುವಿನದೋ, ದೊಡ್ಡವರದೋ? ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಕೂಡ ಪುಟ್ಟ ಮಕ್ಕಳಲ್ಲಿ ಜಾಸ್ತಿಯೇ. ಹುಟ್ಟಿದ ಮಗುವಿನ ಎದೆ ನಿಮಿಷಕ್ಕೆ 140 ಸಲ ಬಡಿದರೂ ಅದು ಸರಿ. ನಮ್ಮದು ಕೂತಲ್ಲೇ ಅಷ್ಟು ಬಡಿದರೆ ಗಾಬರಿ ಆಗಬೇಕು, ಅಲ್ವಾ?

ಹೊರಡುವ ಮೊದಲು

ಒಂದು ಚೀಟಿ ಮಾಡಿಕೊಳ್ಳಿ. ಜ್ವರ ಯಾವಾಗ ಶುರುವಾಯಿತು, ಎಷ್ಟಿತ್ತು, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟಿರಿ, ಕೊನೆಯ ಸಲ ಉಚ್ಚೆ ಯಾವಾಗ ಹೋಯಿತು. ಕೊನೆಯದನ್ನು ಡಾಕ್ಟರು ಕೇಳಿಯೇ ಕೇಳುತ್ತಾರೆ. ದೇಹದಲ್ಲಿ ನೀರು ಕಡಿಮೆಯಾಗಿದೆಯಾ ಅಂತ ಅದರಿಂದ ಗೊತ್ತಾಗುತ್ತದೆ. ವಿಚಿತ್ರ ಕೆಮ್ಮು, ಮೈ ಅದುರುವುದು ಇಂಥದ್ದು ಬಂದು ಹೋಗಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ಆಸ್ಪತ್ರೆ ಬಾಗಿಲು ದಾಟಿದ ಕೂಡಲೇ ಮಕ್ಕಳು ನೆಟ್ಟಗಾಗಿಬಿಡುತ್ತಾರೆ, ನಾವು ಸುಳ್ಳುಗಾರರಾಗುತ್ತೇವೆ.

ಉಸಿರನ್ನೂ ಎಣಿಸಿ. ಮಗು ಸುಮ್ನೆ ಇರುವಾಗ ಅಂಗಿ ಎತ್ತಿ, ಹೊಟ್ಟೆ ಮೇಲೇಳುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳ ತನಕ 50, ಒಂದರಿಂದ ಐದು ವರ್ಷದವರೆಗೆ 40. ಇಷ್ಟು ಮುಟ್ಟಿದರೆ ಅಥವಾ ದಾಟಿದರೆ ಉಸಿರು ಜೋರಾಗಿದೆ ಎಂದರ್ಥ, ಅವತ್ತೇ ತೋರಿಸಿ. ಪಕ್ಕೆಯ ಕೆಳಗೆ ಎದೆ ಗುಳಿ ಬೀಳುತ್ತಿದ್ದರೆ ಎಣಿಸುತ್ತ ಕೂರಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಬಂದರೂ ಅಷ್ಟೇ, ಬೆಳಗಾಗಲಿ ಎಂದು ಕಾಯುವುದಿಲ್ಲ.

ಡಾಕ್ಟರ ಮುಂದೆ

ಒಳಗೆ ಹೋದಾಗ ಡಾಕ್ಟರು ಸುಮ್ಮನೆ ಕೂತು ನಿಮ್ಮ ಜೊತೆ ಮಾತಾಡುತ್ತಿದ್ದಾರೆ ಅನ್ನಿಸಬಹುದು. ಅವರ ಕಣ್ಣು ಮಗುವಿನ ಮೇಲಿರುತ್ತದೆ. ಬಣ್ಣ, ಉಸಿರು, ಚುರುಕು ಎಲ್ಲ ದೂರದಿಂದಲೇ ನೋಡಿಯಾಗಿರುತ್ತದೆ. ಅಳು ಶುರುವಾದರೆ ಎದೆಯ ಸದ್ದು ಕೇಳಿಸುವುದಿಲ್ಲ, ಅದಕ್ಕೇ ಸ್ಟೆತಸ್ಕೋಪ್ ಮೊದಲು, ಕಿವಿ ಗಂಟಲು ಕೊನೆಗೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಕಿವಿ ನೋಡುವಾಗ ಒಂದು ಕೈ ಮಗುವಿನ ಎರಡೂ ತೋಳು ಸುತ್ತಿ ಹಿಡಿದಿರಲಿ, ಇನ್ನೊಂದು ಅದರ ತಲೆಯನ್ನು ನಿಮ್ಮ ಎದೆಗೆ ಒತ್ತಿಕೊಂಡಿರಲಿ. “ಏನೂ ನೋಯಲ್ಲ” ಎಂದು ಸುಳ್ಳು ಹೇಳಬೇಡಿ, ಮುಂದಿನ ಸಲ ನಂಬುವುದಿಲ್ಲ.

“ಹೃದಯದಲ್ಲಿ ಮರ್ಮರ್ ಕೇಳ್ತಿದೆ” ಅಂದರೆ ಜೀವ ಹಾರುತ್ತದೆ. ಮರ್ಮರ್ ರಕ್ತ ಹರಿಯುವಾಗ ಆಗುವ ಸದ್ದು. ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲಿ, ಅದರಲ್ಲೂ ಜ್ವರವಿದ್ದಾಗ, ಕೇಳಿಸುತ್ತದೆ. “ಇದು ಭಯವಿಲ್ಲದ್ದಾ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕಾ?” ಎಂದು ನೇರವಾಗಿ ಕೇಳಿ.

ಬೆಳವಣಿಗೆಯ ಗೆರೆ

ತೂಕದ ಚಾರ್ಟಿನಲ್ಲಿ ಮಗು 15ನೇ ಗೆರೆಯಲ್ಲಿದೆ ಅಂದ ತಕ್ಷಣ ಮನೆಯಲ್ಲಿ ಊಟದ ಯುದ್ಧ ಶುರು. ಅದು ಪರೀಕ್ಷೆಯ ಅಂಕವಲ್ಲ ಕಣ್ರೀ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ 15 ಮಕ್ಕಳು ಇವನಿಗಿಂತ ಹಗುರ, ಉಳಿದವರು ಭಾರ, ಅಷ್ಟೇ. ಸಣ್ಣ ಗಾತ್ರದ ಅಪ್ಪ ಅಮ್ಮನ ಮಗು 15ರ ಗೆರೆಯಲ್ಲೇ ವರ್ಷಗಟ್ಟಲೆ ಹೋಗುತ್ತಿದ್ದರೆ ಚೆನ್ನಾಗಿಯೇ ಇದೆ. ಆದರೆ 75ರಲ್ಲಿದ್ದ ಮಗು ಆರು ತಿಂಗಳಲ್ಲಿ 25ಕ್ಕೆ ಇಳಿದರೆ ಕಾರಣ ಹುಡುಕಬೇಕು. ಹಳೆಯ ಚಾರ್ಟನ್ನು ಎಸೆಯಬೇಡಿ ಅನ್ನುವುದು ಇದಕ್ಕೇ.

ಮನೆಗೆ ಹೊರಡುವ ಮುಂಚೆ

“ವೈರಲ್, ನೋಡೋಣ” ಎಂದರೆ ಡಾಕ್ಟರು ಏನೂ ಮಾಡಲಿಲ್ಲ ಎಂದಲ್ಲ. ವೈರಸ್‌ಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಕಾಯುವುದೇ ಚಿಕಿತ್ಸೆ. ಎಷ್ಟು ದಿನ ಕಾಯಬೇಕು, ಏನು ಕಂಡರೆ ಅಷ್ಟರೊಳಗೇ ಓಡಿಬರಬೇಕು ಎಂಬ ಎರಡಕ್ಕೆ ಉತ್ತರ ಪಡೆದೇ ಏಳಿ.

ಔಷಧಿಯ ಅಳತೆ ನಿಲ್ಲುವುದು ಮಗುವಿನ ತೂಕದ ಮೇಲೆ. ನನ್ನ ಪ್ರಕಾರ ಮನೆಯಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ. 10 ಕೆ.ಜಿ. ಮಗುವಿಗೆ ಡಾಕ್ಟರು 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬರೆದಿದ್ದಾರೆ ಎನ್ನಿ. 5 ಎಂ.ಎಲ್.ಗೆ 250 ಇರುವ ಸಿರಪ್ ಆದರೆ 3 ಎಂ.ಎಲ್. ಸಾಕು. 5 ಎಂ.ಎಲ್.ಗೆ 120 ಇರುವುದಾದರೆ 6 ಎಂ.ಎಲ್.ಗಿಂತ ಸ್ವಲ್ಪ ಹೆಚ್ಚೇ ಬೇಕು. ಎರಡೂ ಬಾಟಲಿ ನೋಡಲು ಒಂದೇ ಥರ ಇರಬಹುದು. ಅಡುಗೆಮನೆ ಚಮಚ ಬೇಡ, ಅಳತೆಯ ಸಿರಿಂಜಿನಲ್ಲೇ ಕೊಡಿ. ಯಾವ ಗೆರೆಯ ತನಕ ಎಳೆಯಬೇಕೆಂದು ಡಾಕ್ಟರ ಹತ್ತಿರ ಕೇಳಿ, ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡು ಬನ್ನಿ. ರಾತ್ರಿ ಎರಡು ಗಂಟೆಗೆ ಅಳುವ ಮಗುವನ್ನು ಎತ್ತಿಕೊಂಡು ಲೆಕ್ಕ ಮಾಡಲು ಯಾರಿಗೂ ಬರುವುದಿಲ್ಲ.