ಗಾಯವನ್ನು ಒಣಗಿಸದೆ ಮಾಯಿಸುವುದು ಹೇಗೆ?

ಬೈಕಿನಿಂದ ಜಾರಿಬಿದ್ದು ಮೊಣಕಾಲು ತರಚಿಕೊಂಡವರಿಗೆ ಮನೆಯಲ್ಲಿ ಮೊದಲು ಸಿಗುವ ಸಲಹೆ ‘ಗಾಳಿಗೆ ಬಿಡು, ಒಣಗಲಿ’ ಎಂಬುದು. ಆದರೆ ಚರ್ಮ ಮರಳಿ ಬೆಳೆಯುವ ಬಗೆ ಬೇರೆ. ಗಾಯದ ಅಂಚಿನಲ್ಲೂ ಕೂದಲಿನ ಬುಡಗಳಲ್ಲೂ ಉಳಿದಿರುವ ಜೀವಕೋಶಗಳು ತೇವದ ಮೇಲೆ ತೆವಳುತ್ತಾ ಬಂದು, ಒಂದಕ್ಕೊಂದು ಕೂಡಿ ಹೊಸ ಪದರ ಕಟ್ಟುತ್ತವೆ. ಮೇಲೆ ಒಣ ಹಕ್ಕಳೆ ಗಟ್ಟಿಯಾಗಿ ಕೂತಿದ್ದರೆ ಅವು ಅದರ ಅಡಿಗೆ ಇಳಿದು ದಾರಿ ಮಾಡಿಕೊಳ್ಳಬೇಕಾಗುತ್ತದೆ. 1962ರಲ್ಲಿ ಬ್ರಿಟನ್ನಿನ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲಿನ ತೆಳು ಗಾಯಗಳಲ್ಲಿ ಕೆಲವನ್ನು ಪಾಲಿಥಿನ್ ಹಾಳೆಯಿಂದ ಮುಚ್ಚಿ, ಉಳಿದವನ್ನು ಗಾಳಿಗೆ ಬಿಟ್ಟು ನೋಡಿದಾಗ, ಮುಚ್ಚಿದವುಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತ್ತು.

ಮೊದಲು ಕೈ ತೊಳೆದುಕೊಳ್ಳಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ.

ಆಮೇಲೆ ಕುಡಿಯಲು ಯೋಗ್ಯವಾದ ನೀರನ್ನು ಕೆಲವು ನಿಮಿಷ ಗಾಯದ ಮೇಲೆ ಹರಿಯಬಿಡಿ. ಮರಳು, ಡಾಂಬರಿನ ಚೂರು ಒಳಗೇ ಉಳಿದರೆ ಸೋಂಕಿಗೆ ಎಡೆಯಾಗುತ್ತದೆ, ಚರ್ಮದಲ್ಲಿ ಕಪ್ಪು ಕಲೆಯೂ ನಿಲ್ಲಬಹುದು. ಸೋಪನ್ನು ಸುತ್ತಲಿನ ಚರ್ಮಕ್ಕೆ ಮಾತ್ರ ಹಚ್ಚಿ. ನೊರೆಯೇಳುವ ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಕ್ರಿಮಿಗಳ ಜೊತೆಗೆ ಎಳೆಯ ಜೀವಕೋಶಗಳನ್ನೂ ಸುಡುತ್ತವೆ. ಕಾಫಿಪುಡಿ, ಸುಣ್ಣ, ಅಡುಗೆಮನೆಯ ಅರಿಸಿನ ಯಾವುದನ್ನೂ ಮೆತ್ತಬೇಡಿ.

ಈಗ ಹೊಸ ಟ್ಯೂಬಿನಿಂದ ವ್ಯಾಸಲೀನನ್ನು ತೆಳುವಾಗಿ ಸವರಿ, ಅಂಟಿಕೊಳ್ಳದ ಡ್ರೆಸಿಂಗ್ ಅಥವಾ ಪ್ಯಾರಾಫಿನ್ ಹಚ್ಚಿದ ಗಾಜ್ ಬಟ್ಟೆ ಹಾಕಿ ಮುಚ್ಚಿ. ಹತ್ತಿಯನ್ನು ನೇರವಾಗಿ ಇಡಬಾರದು. ದಿನಕ್ಕೊಮ್ಮೆ, ಒದ್ದೆಯಾದರೆ ಅಥವಾ ಕೊಳೆಯಾದರೆ ಕೂಡಲೇ, ಪಟ್ಟಿ ಬದಲಿಸಿ. ಒಣಗಿದ ಪಟ್ಟಿಯನ್ನು ಚರ್ರನೆ ಕಿತ್ತಾಗ ಅದಕ್ಕಂಟಿಕೊಂಡು ಬರುವ ತೆಳು ಪೊರೆ, ಹಿಂದೆಯೇ ಸೂಜಿಮೊನೆಯಷ್ಟು ಚುಕ್ಕೆ ಚುಕ್ಕೆಯಾಗಿ ಜಿನುಗುವ ರಕ್ತ ನೀವು ನೋಡಿರಬಹುದು. ಆ ಪೊರೆಯೇ ಹಿಂದಿನ ದಿನಗಳಲ್ಲಿ ಬೆಳೆದ ಚರ್ಮ. ಕುದಿಸಿ ಆರಿಸಿದ ನೀರಿನಲ್ಲಿ ಪಟ್ಟಿಯನ್ನು ನೆನೆಸಿ ಬಿಡಿಸಿದರೆ ಅದು ಉಳಿಯುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಊಟದ ವಿಷಯ. ‘ನಂಜು’ ಎಂದು ಬದನೆಕಾಯಿಯೊಂದನ್ನು ಬಿಟ್ಟರೆ ನಷ್ಟವೇನಿಲ್ಲ. ಆದರೆ ಬೇಳೆ, ಮೊಟ್ಟೆ, ಮೀನುಗಳನ್ನೂ ನಿಲ್ಲಿಸಿ, ಶಸ್ತ್ರಚಿಕಿತ್ಸೆಯಾದ ವಯಸ್ಸಾದವರನ್ನು ವಾರಗಟ್ಟಲೆ ಗಂಜಿ, ಸಾರನ್ನದಲ್ಲೇ ಇಡುವ ಮನೆಗಳು ಇಂದಿಗೂ ಇವೆ. ಹೊಸ ಅಂಗಾಂಶಕ್ಕೆ ಪ್ರೋಟೀನ್ ಬೇಕು, ಅದಕ್ಕೆ ಬಲ ಕೊಡುವ ಕೊಲಾಜನ್ ಎಳೆಗಳು ಬಿಗಿಯಾಗಲು ವಿಟಮಿನ್ ಸಿ ಬೇಕು. ಒಗ್ಗದ ಪದಾರ್ಥವನ್ನು ಬಿಟ್ಟು ಮೊಳಕೆಕಾಳು, ಮೊಸರು, ಮೊಟ್ಟೆ, ಸೀಬೆ, ನೆಲ್ಲಿಕಾಯಿ ಧಾರಾಳವಾಗಿ ಕೊಡಿ. ಬೀಡಿ, ಸಿಗರೇಟು ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಆಮ್ಲಜನಕ ತಲುಪದಂತೆ ಮಾಡುವುದರಿಂದ ಅವನ್ನು ಬಿಡಲೇಬೇಕು.

ಆಳವಾದ ಗಾಯ, ಪ್ರಾಣಿ ಕಚ್ಚಿದ ಗಾಯ, ಸಕ್ಕರೆ ಕಾಯಿಲೆಯವರ ಪಾದದ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಮನೆಮದ್ದಿಗೆ ಕಾಯಬೇಡಿ. ನಾಯಿ ಕಚ್ಚಿದ್ದರೆ ಸೋಪು ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಕೊಳೆ ಸೇರಿದ ಗಾಯವಾಗಿದ್ದು, ಧನುರ್ವಾಯು ತಡೆಯುವ ಕೊನೆಯ ಚುಚ್ಚುಮದ್ದಿಗೆ (ಟಿಟಿ) 5 ವರ್ಷ ಕಳೆದಿದ್ದರೆ ವೈದ್ಯರಿಗೆ ತಿಳಿಸಿ. ಕೆಂಪು ದಿನದಿನಕ್ಕೆ ಹರಡುವುದು, ಬಿಸಿಯೇರಿ ಮಿಡಿಯುವ ನೋವು, ಕೀವು, ಜ್ವರ ಇವು ಸೋಂಕಿನ ಗುರುತುಗಳು.

ಮೇಲ್ಪದರ ಕೂಡಿಕೊಂಡ ಮೇಲೂ ಒಳಗೆ ಕೊಲಾಜನ್ ಎಳೆಗಳು ಒಂದು ವರ್ಷದವರೆಗೂ ಮರುಜೋಡಣೆಯಾಗುತ್ತಿರುತ್ತವೆ. ಅಷ್ಟು ಕಾಲ ಆ ಗುಲಾಬಿ ಚರ್ಮಕ್ಕೆ ಬಿಸಿಲು ಬಿದ್ದರೆ ಕಪ್ಪಾಗುತ್ತದೆ. ಹೊರಗೆ ಹೋಗುವಾಗ ಬಟ್ಟೆಯಿಂದ ಮುಚ್ಚಿಕೊಳ್ಳಿ ಅಥವಾ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ.