ವೃದ್ಧಾಶ್ರಮ ಹುಡುಕುತ್ತಿದ್ದೀರಾ? ಸಂಜೆ ಏಳಕ್ಕೆ ಹೋಗಿ ನೋಡಿ

ದೊಡ್ಡಮ್ಮನಿಗೆ ಆಶ್ರಮ ನೋಡಲು ನಾವು ಹೋದದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಂಗಳದಲ್ಲಿ ತುಳಸಿಕಟ್ಟೆ, ಪಡಸಾಲೆಯಲ್ಲಿ ಭಜನೆ, ಒಳಗಿನಿಂದ ಸಾರಿನ ಒಗ್ಗರಣೆ ಘಮ. ಮ್ಯಾನೇಜರ್ ತಾವೇ ಎದ್ದು ಕಾಫಿ ತಂದುಕೊಟ್ಟರು. ಅರ್ಧ ಗಂಟೆಯಲ್ಲಿ ಅಡ್ವಾನ್ಸ್ ಕಟ್ಟಿ ಬಂದುಬಿಟ್ಟೆವು. ಮೂರನೇ ವಾರ ನೋಡಲು ಹೋದಾಗ ದೊಡ್ಡಮ್ಮನ ಕಾಲುಚೀಲ ತೆಗೆದೆ. ಬಲಗಾಲಿನ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಕಪ್ಪು ಕಲೆ, ಮಲಗಿದಲ್ಲೇ ಮಲಗಿ ಆದ ಹಾಸಿಗೆ ಹುಣ್ಣು. ಆಯಾ ಒಳ್ಳೆಯವಳೇ. ಆದರೆ ರಾತ್ರಿ 22 ಜನಕ್ಕೆ ಅವಳೊಬ್ಬಳೇ. ಎಷ್ಟು ಜನರನ್ನು ಅಂತ ಮಗ್ಗುಲು ಬದಲಾಯಿಸುತ್ತಾಳೆ?

ಅದಾದ ಮೇಲೆ ನೆಂಟರು, ಅಕ್ಕಪಕ್ಕದವರು ಅಂತ ಎಂಟು ಹತ್ತು ಮನೆಯವರ ಜೊತೆ ಆಶ್ರಮ ನೋಡಲು ಹೋಗಿದ್ದೇನೆ. ಹೆಚ್ಚಿನವರು ನಾವು ಮಾಡಿದ ತಪ್ಪನ್ನೇ ಮಾಡುತ್ತಾರೆ. ಕಟ್ಟಡ, ತೋಟ, ಊಟದ ಪಟ್ಟಿ ನೋಡಿ ಒಪ್ಪಿಕೊಳ್ಳುತ್ತಾರೆ. ರಾತ್ರಿ ಅಲ್ಲಿ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಮೊದಲು ಒಂದು ಹಾಳೆ

ಮನೆಯ ಹಿರಿಯರಿಗೆ ಏನೇನು ಬೇಕು ಎಂದು ಬರೆದುಕೊಳ್ಳಿ. ತಾವೇ ಸ್ನಾನ ಮಾಡುತ್ತಾರಾ? ರಾತ್ರಿ ಎಷ್ಟು ಸಲ ಏಳುತ್ತಾರೆ? ಇನ್ಸುಲಿನ್ ಇದೆಯಾ? ತುತ್ತು ನುಂಗುವಾಗ ಕೆಮ್ಮು ಬರುತ್ತದಾ? ಮರೆವಿನಿಂದ ಹೊರಗೆ ಹೋಗಿ ದಾರಿ ತಪ್ಪುತ್ತಾರಾ? ಇಷ್ಟು ಸಾಕು.

ಆಮೇಲೆ ಫೋನು

ಮೊದಲ ಪ್ರಶ್ನೆ ದುಡ್ಡಿನದ್ದು ಬೇಡ. "ಹಾಸಿಗೆ ಹಿಡಿದರೂ ಇಟ್ಟುಕೊಳ್ಳುತ್ತೀರಾ?" ಎಂದು ಕೇಳಿ. ಓಡಾಡುವವರನ್ನು ಮಾತ್ರ ಇಟ್ಟುಕೊಳ್ಳುವ ಆಶ್ರಮಗಳಿವೆ. ಸೊಂಟ ಮುರಿದ ದಿನ "ಬಂದು ಕರೆದುಕೊಂಡು ಹೋಗಿ" ಎನ್ನುತ್ತಾರೆ. ಎಂಬತ್ತೈದರ ವಯಸ್ಸಿನಲ್ಲಿ ಇನ್ನೊಂದು ಜಾಗ ಹುಡುಕುವುದು ಬಹಳ ಕಷ್ಟ.

ಜಾಗದ ಬಗ್ಗೆ ನನ್ನ ಮಾತು ಖಡಾಖಂಡಿತ. ಯಾರು ವಾರ ವಾರ ಹೋಗಿ ನೋಡುತ್ತಾರೋ ಅವರ ಮನೆಯಿಂದ ಒಂದು ಗಂಟೆ ದಾರಿಯೊಳಗೆ ಇರಬೇಕು. ಅಮೆರಿಕದಲ್ಲಿರುವ ಮಗ ಫೋಟೋ ನೋಡಿ ಬೆಂಗಳೂರಿನಲ್ಲಿ ದುಬಾರಿ ಆಶ್ರಮ ಗೊತ್ತು ಮಾಡುತ್ತಾನೆ. ಹೋಗಿ ಬರಬೇಕಾದ ಮಗಳು ತುಮಕೂರಿನಲ್ಲಿ ಇರುತ್ತಾಳೆ. ಅಂಥವರು ತುಮಕೂರಲ್ಲೇ ನೋಡುವುದು ಮೇಲು, ಕಟ್ಟಡ ಸ್ವಲ್ಪ ಹಳೆಯದಾದರೂ ಸರಿ. ಇನ್ನು, "ಫ್ರೀಯಾಗಿ ಆಶ್ರಮ ಹುಡುಕಿ ಕೊಡುತ್ತೇವೆ" ಎನ್ನುವ ಏಜೆಂಟರು ಸಿಕ್ಕರೆ, ಅವರಿಗೆ ದುಡ್ಡು ಕೊಡುವವರು ಯಾರು ಎಂದು ಕೇಳಿ.

ಹೋಗಿ ನೋಡುವುದು: ಎಲ್ಲರೂ ಎಡವುವುದು ಇಲ್ಲೇ

ಎರಡು ಸಲ ಹೋಗಿ. ಹಗಲು ಒಂದು ಸಲ, ಸಂಜೆ ಏಳರಿಂದ ಎಂಟೂವರೆಯ ಒಳಗೆ ಒಂದು ಸಲ. ಸಂಜೆಗೆ ಫೋನ್ ಮಾಡದೇ ಹೋಗಿ. ಹಗಲಿನ ಕೆಲಸದವರು ಮನೆಗೆ ಹೊರಡುವುದು, ರಾತ್ರಿಯ ಆಯಾ ಬರುವುದು, ಊಟ, ಮಾತ್ರೆ, ಡೈಪರ್ ಬದಲಾಯಿಸುವುದು, ಎಲ್ಲವೂ ಆ ಹೊತ್ತಿಗೇ ಬೀಳುತ್ತದೆ. ಅಲ್ಲಿರುವವರ ಖಾಸಗಿತನಕ್ಕಾಗಿ ಆ ದಿನ ಒಳಗೆ ಬಿಡದಿದ್ದರೆ ಬೇಸರ ಬೇಡ, ಮಾರನೇ ದಿನ ಊಟದ ಹೊತ್ತಿಗೆ ಬರಲಾ ಎಂದು ಕೇಳಿ. ಆಗಲೂ ಆಫೀಸ್ ರೂಮಿನಿಂದ ಮುಂದೆ ಬಿಡಲಿಲ್ಲ ಎಂದರೆ ಆ ಆಶ್ರಮ ಬಿಟ್ಟುಬಿಡಿ.

ಬಾಗಿಲಲ್ಲೇ ವಾಸನೆ ಗೊತ್ತಾಗುತ್ತದೆ. ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಬಂದರೆ ತಪ್ಪು ತಿಳಿಯಬೇಡಿ, ಯಾರಿಗೋ ಆಗಷ್ಟೇ ಆಗಿರಬಹುದು. ಅರ್ಧ ಗಂಟೆ ಬಿಟ್ಟು ಅದೇ ಕೋಣೆಗೆ ಹೋಗಿ. ಇನ್ನೂ ಹಾಗೇ ಇದ್ದರೆ ಅದು ಕೆಟ್ಟ ಸೂಚನೆ. ಫಿನಾಯಿಲ್, ರೂಮ್ ಫ್ರೆಶ್‌ನರ್ ಮೂಗಿಗೆ ಹೊಡೆಯುವಷ್ಟು ಇದ್ದರೆ ನನಗೆ ಇನ್ನೂ ಜಾಸ್ತಿ ಅನುಮಾನ.

ಆಮೇಲೆ, ಇಡೀ ಆಶ್ರಮದಲ್ಲಿ ಅತಿ ಹೆಚ್ಚು ನಿಶ್ಶಕ್ತರಾಗಿ ಮಲಗಿರುವವರ ಕೋಣೆ ತೋರಿಸಿ ಎನ್ನಿ. ಪಡಸಾಲೆಯಲ್ಲಿ ಟಿವಿ ನೋಡುತ್ತಾ ಕೂತ ಅಜ್ಜಂದಿರು ತಮ್ಮ ಕಷ್ಟ ತಾವು ಹೇಳಿಕೊಳ್ಳಬಲ್ಲರು. ಮಲಗಿದವರ ಕಷ್ಟವನ್ನು ನೀವೇ ನೋಡಿ ತಿಳಿಯಬೇಕು. ಒಳಗೆ ಹೋಗುವ ಮುಂಚೆ ಅವರಿಗೆ ನಮಸ್ಕಾರ ಹೇಳಿ, ಬರಬಹುದಾ ಎಂದು ಕೇಳಿ. ಹೊದಿಕೆ ಎತ್ತುವ ಅಗತ್ಯವಿಲ್ಲ. ಕೈ ಉಗುರು ನೋಡಿದರೆ ಸಾಕು: ಕತ್ತರಿಸಿದ್ದಾರಾ, ಸಂದಿಯಲ್ಲಿ ಕೊಳೆ ಇದೆಯಾ? ತುಟಿ ಒಣಗಿ ಬಿರಿದಿದೆಯಾ? ನೀರಿನ ಲೋಟ ಕೈಗೆ ಎಟುಕುತ್ತದಾ? ಒಂದು ಕಡೆ ಲೋಟ ಪಕ್ಕದ ಮೇಜಿನ ಮೇಲೆ ಇತ್ತು, ಮುಚ್ಚಳವೂ ಇತ್ತು. ಆದರೆ ಅದು ಇದ್ದದ್ದು ಆ ಅಜ್ಜನ ಪಾರ್ಶ್ವವಾಯು ಹೊಡೆದ ಕೈಯ ಕಡೆ.

ಮಂಚದ ಪಕ್ಕದ ಬೆಲ್ ಒತ್ತಿ, ಗಡಿಯಾರ ನೋಡಿ. ನಾನು ಐದು ನಿಮಿಷ ಕಾಯುತ್ತೇನೆ. ಬೆಲ್ಲಿನ ವೈರನ್ನು ಸುತ್ತಿ ಮೇಲೆ ಮೊಳೆಗೆ ಕಟ್ಟಿದ್ದನ್ನೂ ಕಂಡಿದ್ದೇನೆ.

ಈಗ ಹಾಸಿಗೆ ಹುಣ್ಣಿನ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಆಶ್ರಮದ ಅರ್ಧ ಕಥೆ ಗೊತ್ತಾಗುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಇಂಥ ಜಾಗಗಳಲ್ಲಿ ರಕ್ತ ಹರಿಯುವುದು ನಿಂತು ಚರ್ಮ ಸಾಯುತ್ತದೆ. ಅದಕ್ಕೇ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಎನ್ನುವುದು. ಅದರ ಚಾರ್ಟ್ ಕೇಳಿ ನೋಡಿ. ಒಂದು ಆಶ್ರಮದಲ್ಲಿ ನಾನು ರಾತ್ರಿ ಎಂಟಕ್ಕೆ ಚಾರ್ಟ್ ನೋಡಿದಾಗ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಯ ಸಾಲಿನಲ್ಲಿ ಆಗಲೇ ಸಹಿ ಬಿದ್ದಿತ್ತು. ಒಂದೇ ಪೆನ್ನು, ಒಂದೇ ಕೈ.

ನಿಮ್ಮ ಮನೆಯವರ ಮೈ ನೋಡುವಾಗ ಹೀಗೆ ಮಾಡಿ. ಕೆಂಪಗಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಚರ್ಮ ಇನ್ನೂ ಚೆನ್ನಾಗಿದೆ. ಒತ್ತಿದಾಗಲೂ ಬಣ್ಣ ಹಾಗೇ ಇದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಅಂಥ ಕಡೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಇದೆಯಾ? ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗೆ ಇನ್ನೂ ಪೆಟ್ಟಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಟ್ಯೂಬಿನಂಥ ಗಾಳಿ ರಿಂಗ್ ಕೊಳ್ಳಲೇಬೇಡಿ. ನಡುವಿನ ತೂತು ಒಂದು ಜಾಗವನ್ನು ಉಳಿಸುತ್ತದೆ, ಸುತ್ತಲಿನ ಅಂಚು ರಕ್ತ ಓಡದಂತೆ ಒತ್ತುತ್ತದೆ. ಏರ್ ಬೆಡ್ ಒಳ್ಳೆಯದೇ, ಆದರೆ ಅದರ ಪಂಪ್ ಚಾಲೂ ಇದೆಯಾ, ಕರೆಂಟ್ ಹೋದರೆ ಯುಪಿಎಸ್ ಇದೆಯಾ ಕೇಳಿ. ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಾಯಿಸುವುದನ್ನು ಬಿಡುವ ಹಾಗಿಲ್ಲ.

ಬಚ್ಚಲು ನೋಡುವಾಗ ಕಂಬಿಗೆ ನಿಮ್ಮ ಪೂರ್ತಿ ಭಾರ ಹಾಕಿ ಎಳೆಯಿರಿ. ಗೋಡೆಗೆ ಸ್ಕ್ರೂ ಹಾಕಿದ್ದಾಗಿರಬೇಕು. ರಬ್ಬರ್ ಬಟ್ಟಲಿನಿಂದ ಟೈಲ್ಸಿಗೆ ಅಂಟಿಸುವ ಹಿಡಿಕೆ ಬರುತ್ತದಲ್ಲ, ಅದು ಹಿಡಿದವರ ಸಮೇತ ಕಿತ್ತು ಬರುತ್ತದೆ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು. ಬಾಗಿಲು ಹೊರಕ್ಕೆ ತೆರೆದುಕೊಳ್ಳಬೇಕು, ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾದರೆ ಏನು ಮಾಡುತ್ತೀರಿ?

ಮಾತ್ರೆ ಡಬ್ಬಿ, ಕನ್ನಡಕ, ಹಲ್ಲಿನ ಸೆಟ್ಟಿನ ಮೇಲೆಲ್ಲ ಹೆಸರು ಇರಬೇಕು. ಇನ್ಸುಲಿನ್ ಫ್ರಿಜ್ಜಿನಲ್ಲಿರಬೇಕು, ಫ್ರೀಜರಿನಲ್ಲಲ್ಲ. ಆಕ್ಸಿಜನ್ ಸಿಲಿಂಡರ್ ಇದ್ದರೆ ಅದರ ಮೀಟರಿನ ಮುಳ್ಳು ಎಲ್ಲಿದೆ ನೋಡಿ, ತಿರುಗಿಸುವ ಕೀಲಿ ಯಾರ ಹತ್ತಿರ ಇದೆ ಕೇಳಿ.

ಮರೆವಿನ ಕಾಯಿಲೆ ಇರುವವರ ಮನೆಯವರು ಒಂದು ಪ್ರಶ್ನೆ ಕೇಳಲೇಬೇಕು: "ರಾತ್ರಿ ಎದ್ದು ಓಡಾಡುವವರನ್ನು ಏನು ಮಾಡುತ್ತೀರಿ?" ಜೊತೆಗೆ ನಾಲ್ಕು ಹೆಜ್ಜೆ ನಡೆಸುತ್ತೇವೆ, ಬಚ್ಚಲಿಗೆ ಕರೆದೊಯ್ಯುತ್ತೇವೆ ಎಂದರೆ ಅವರಿಗೆ ಕೆಲಸ ಗೊತ್ತಿದೆ. ಮಾತ್ರೆ ಕೊಡುತ್ತೇವೆ ಎಂದರೆ ಯಾವ ಡಾಕ್ಟರ ಚೀಟಿ ಎಂದು ಕೇಳಿ. ನಿದ್ದೆ ಮಂಪರಿನಲ್ಲಿ ಎದ್ದವರೇ ಬೀಳುವುದು ಜಾಸ್ತಿ. ಕಟ್ಟುತ್ತೇವೆ ಎಂದರೆ ಅಲ್ಲಿಂದ ಹೊರಡಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. ಅದನ್ನು ನೆನೆದೇ ನಾನು ಪ್ರತಿ ಆಶ್ರಮದಲ್ಲೂ ರಾತ್ರಿಯ ಆಯಾಗೆ "ಗ್ರಿಲ್ಲಿನ ಬೀಗ ಒಮ್ಮೆ ತೆಗೀತೀಯಾ ತಾಯಿ" ಎನ್ನುತ್ತೇನೆ. ಒಬ್ಬಳು ಕೀಲಿಗಾಗಿ ಮೂರು ಡ್ರಾಯರ್ ಹುಡುಕಿದಳು. ಕೊನೆಗೆ ನೋಡಿದರೆ ಕೀಲಿ ಮನೆಗೆ ಹೋದ ಮ್ಯಾನೇಜರ ಜೇಬಿನಲ್ಲಿತ್ತು.

ಹೊರಡುವ ಮುಂಚೆ ಅದೇ ಆಯಾ ಹತ್ತಿರ ಎರಡು ಮಾತಾಡಿ. ಎಷ್ಟು ದಿನದಿಂದ ಇದ್ದೀರಿ? ಇವತ್ತು ರಾತ್ರಿ ಎಷ್ಟು ಜನ ಇರ್ತೀರಿ? ಈ ಲೆಕ್ಕ ಮ್ಯಾನೇಜರ ಬಾಯಲ್ಲಿ ಬೇಡ. ಮೂರು ತಿಂಗಳಿಗೊಮ್ಮೆ ಕೆಲಸದವರು ಬದಲಾಗುವ ಕಡೆ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಕಿವಿ ಕೇಳಿಸದು ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಸಿಸಿಟಿವಿ ಇದೆ, ಮೊಬೈಲಲ್ಲೇ ನೋಡಬಹುದು ಎಂದು ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಕ್ಯಾಮೆರಾ ಮಗ್ಗುಲು ಬದಲಾಯಿಸುವುದಿಲ್ಲ, ನೀರು ಕುಡಿಸುವುದಿಲ್ಲ.

ಕಾಗದಪತ್ರ

ನೋಂದಣಿ ಪತ್ರ, ಕರಾರು, ರಸೀದಿ ಮೂರೂ ನೋಡಿ. ಡೈಪರ್, ಫಿಸಿಯೋಥೆರಪಿ, ಆಸ್ಪತ್ರೆ ಖರ್ಚು ಬೇರೆಯಾ? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಾಡಿಗೆ ಕಟ್ಟಬೇಕಾ? ಅಡ್ವಾನ್ಸ್ ಯಾವಾಗ ವಾಪಸ್? ಬಾಯಿಮಾತು ಬೇಡ, ಬರೆದು ಕೊಡಲಿ. ಪೆನ್ಷನ್ ಪುಸ್ತಕ, ಎಟಿಎಂ ಕಾರ್ಡ್ ಆಶ್ರಮದ ಕೈಗೆ ಕೊಡಬೇಡಿ.

ಮನೆ, ಜಮೀನು ಬರೆದುಕೊಟ್ಟರೆ ಕೊನೆವರೆಗೂ ನೋಡಿಕೊಳ್ಳುತ್ತೇವೆ ಎನ್ನುವವರು ಆಶ್ರಮದವರಿರಲಿ, ನೆಂಟರಿರಲಿ, ವಕೀಲರನ್ನು ಕೇಳದೆ ಹಿರಿಯರ ಸಹಿ ಹಾಕಿಸಬೇಡಿ. ನೋಡಿಕೊಳ್ಳಬೇಕು ಎಂಬ ಷರತ್ತು ದಾನಪತ್ರದಲ್ಲೇ ಬರೆದಿರಬೇಕು. ಆಗ ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದನ್ನು ರದ್ದು ಮಾಡಿಸಲು ದಾರಿ ಇದೆ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ.

ಸೇರಿಸುವುದು

ಹಿರಿಯರನ್ನೇ ಕರೆದುಕೊಂಡು ಹೋಗಿ ತೋರಿಸಿ, ಹದಿನೈದು ದಿನ ಇದ್ದು ನೋಡಲಿ. ಆಸ್ಪತ್ರೆಗೆ ಹೋಗೋಣ ಬಾ ಎಂದು ಸುಳ್ಳು ಹೇಳಿ ಬಿಟ್ಟು ಬರಬೇಡಿ. ಮನೆಯವರು ಹಾಗೆ ಬಿಟ್ಟುಹೋದ ಒಬ್ಬ ಅಜ್ಜಿ ಚೀಲ ಬಿಚ್ಚದೆ ಬಾಗಿಲ ಹತ್ತಿರ ಕೂತಿದ್ದನ್ನು ನಾನು ಕಂಡಿದ್ದೇನೆ. ನಾಲ್ಕನೇ ದಿನವೂ ಅಲ್ಲೇ ಕೂತಿದ್ದರು.

ಸೇರಿಸಿದ ದಿನ ತೂಕ ನೋಡಿ ಬರೆದಿಡಿ, ಆಮೇಲೆ ತಿಂಗಳಿಗೊಮ್ಮೆ ನೋಡಿ. ಸುಮ್ನೆ ಸುಮ್ನೆ ತೂಕ ಇಳಿಯುತ್ತಿದ್ದರೆ ಊಟದ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಹೊಡೆತ, ಬೈಗುಳ, ಕಟ್ಟಿಹಾಕುವುದು ಕಂಡರೆ 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಸಹಾಯವಾಣಿ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ದುಡ್ಡಿಲ್ಲ. ತುರ್ತಿದ್ದರೆ 112.

ಭೇಟಿಗೆ ಒಂದೇ ದಿನ, ಒಂದೇ ಹೊತ್ತು ಇಟ್ಟುಕೊಳ್ಳಬೇಡಿ. ದೊಡ್ಡಮ್ಮನನ್ನು ಆಮೇಲೆ ಒಂದು ಚಿಕ್ಕ ಆಶ್ರಮಕ್ಕೆ ಸೇರಿಸಿದೆವು. ಹತ್ತು ಜನ ಹಿರಿಯರು, ರಾತ್ರಿ ಇಬ್ಬರು ಆಯಾಗಳು. ಅಲ್ಲಿಗೂ ನಾನು ಒಮ್ಮೆ ಮಂಗಳವಾರ ಸಂಜೆ, ಒಮ್ಮೆ ಶುಕ್ರವಾರ ಬೆಳಿಗ್ಗೆ ಹೋಗುತ್ತಿದ್ದೆ. ಮೊದಲು ಕೂತು ಊರ ಸುದ್ದಿ ಹೇಳುತ್ತಿದ್ದೆ. ಆಮೇಲೆ ಕಾಲುಚೀಲ ತೆಗೆದು ಎರಡೂ ಹಿಮ್ಮಡಿ ನೋಡುತ್ತಿದ್ದೆ.